ಮೋಆಬ್ ಕಡೆ ಕ್ಯಾಂಪಿಂಗ್ ಹೊರಟಿದೀರಾ? ಮೊದ್ಲು ನೀರಿನ ಕ್ಯಾನ್ ಎಣಿಸಿ, ಟೆಂಟ್ ಆಮೇಲೆ ನೋಡೋಣ

ಪ್ರತಿ ವರ್ಷ ಫೆಬ್ರವರಿ ಮುಗಿಯೋ ಹೊತ್ತಿಗೆ ಅದೇ ಪ್ರಶ್ನೆಗಳು ಶುರು. ಅಮೆರಿಕದ ಯೂಟಾ ರಾಜ್ಯಕ್ಕೆ ಹೋಗ್ಬೇಕು ಅನ್ಕೊಂಡಿದೀವಿ, ಮೋಆಬ್ ಊರಿನ ಹತ್ರ ಇರೋ ಎರಡು ನ್ಯಾಷನಲ್ ಪಾರ್ಕ್, ಆರ್ಚಸ್ ನೋಡ್ಬೇಕು, ಕ್ಯಾನಿಯನ್‌ಲ್ಯಾಂಡ್ಸ್ ನೋಡ್ಬೇಕು, ಯಾವ ಟೆಂಟ್ ತಗೊಳ್ಳೋದು, ಸ್ಲೀಪಿಂಗ್ ಬ್ಯಾಗ್ ಯಾವ ಬ್ರ್ಯಾಂಡು, ಸನ್‌ರೈಸ್ ಫೋಟೋ ಎಲ್ಲಿ ಚೆನ್ನಾಗಿ ಬರುತ್ತೆ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಎಲ್ಲಾ ಬರೆದು ಹಾಕ್ತಿದೀನಿ, ಇನ್ಮೇಲೆ ಯಾರಾದ್ರೂ ಕೇಳಿದ್ರೆ ಇದನ್ನೇ ಕಳ್ಸೋದು.

ಒಂದು ವಿಷಯ ಗಮನಿಸಿದೀನಿ. ಟೆಂಟ್ ಬಗ್ಗೆ ಎಲ್ರೂ ಕೇಳ್ತಾರೆ, ನೀರಿನ ಬಗ್ಗೆ ಒಬ್ರೂ ಕೇಳಲ್ಲ. ನಾವೆಲ್ಲ ಕ್ಯಾಂಪಿಂಗ್ ಅಂದ್ರೆ ಕೊಡಗು, ಕುದುರೆಮುಖ, ಪಕ್ಕದಲ್ಲೇ ಹರಿಯೋ ತೊರೆ ಅಂತ ತಲೇಲಿ ಇಟ್ಕೊಂಡು ಬೆಳೆದೋರು. ಮೋಆಬ್ ಸುತ್ತಮುತ್ತ ಹಂಗಿಲ್ಲ, ಅದು ಮರುಭೂಮಿ. ಬಾದಾಮಿ ಬಂಡೆ ನೋಡಿದೋರಿಗೆ ಕಲ್ಲಿನ ಬಣ್ಣ ಎಲ್ಲೋ ನೋಡ್ದಂಗೆ ಅನ್ಸುತ್ತೆ, ಎರಡೂ ಕಡೆ ಕೆಂಪು ಮರಳುಗಲ್ಲೇ, ಆದ್ರೆ ಇಲ್ಲಿ ಬಂಡೆ ಕೆಳಗೆ ಅಗಸ್ತ್ಯ ತೀರ್ಥ ಇರಲ್ಲ. ಕೊಲೊರಾಡೋ ನದಿ ಇದೆ ನಿಜ, ಅದು ಬಹಳ ಕಡೆ ನೀವು ನಿಂತಿರೋ ಜಾಗದಿಂದ ಸಾವಿರ ಎರಡು ಸಾವಿರ ಅಡಿ ಕೆಳಗೆ ಕಾಣ್ತಾ ಇರುತ್ತೆ, ನೋಡಿ ಬಾಯಾರಿಸ್ಕೋಬಹುದು ಅಷ್ಟೇ. ಹಾಗಾಗಿ ನನ್ನ ಲಿಸ್ಟು ನೀರಿಂದ ಶುರು.

1. ನೀರಿನ ಲೆಕ್ಕ

ಒಬ್ಬರಿಗೆ ಒಂದು ದಿನಕ್ಕೆ ಕಮ್ಮಿ ಅಂದ್ರೂ 1 ಗ್ಯಾಲನ್, ಅಂದ್ರೆ 3.8 ಲೀಟರ್. ಇದು ಕುಡಿಯೋಕೆ ಮಾತ್ರ. ನಾಲ್ಕು ಜನ ಮೂರು ದಿನ ಅಂದ್ರೆ 12 ಗ್ಯಾಲನ್, ತೂಕ ಹತ್ತಿರ ಹತ್ತಿರ 45 ಕಿಲೋ. ಅದರ ಮೇಲೆ ಅಡುಗೆ, ಪಾತ್ರೆ, ಹಲ್ಲುಜ್ಜೋದು, ಮಗು ಕೈ ತೊಳೆಯೋದು ಎಲ್ಲಾ ಸೇರಿಸಿದ್ರೆ ಇನ್ನೊಂದು 5 ಗ್ಯಾಲನ್ ಬೇಕೇ ಬೇಕು. ಈ ಲೆಕ್ಕ ಹಾಕಿದ ಮೇಲೆ ಕಾರಿನ ಡಿಕ್ಕಿಯಲ್ಲಿ ಎಷ್ಟು ಜಾಗ ಉಳಿಯುತ್ತೆ ನೋಡಿ, ಆವಾಗ ಗೊತ್ತಾಗುತ್ತೆ ಎಂಟು ಜನರ ಟೆಂಟ್ ಯಾಕೆ ಬೇಡ ಅಂತ.

ಎಲ್ಲರೂ ಮಾಡೋ ತಪ್ಪು ಏನಂದ್ರೆ ಬಾಯಾರಿಕೆ ಆದ್ಮೇಲೆ ಕುಡಿಯೋಣ ಅಂತ ಕೂರೋದು. ಬೆಂಗಳೂರು ಮಂಗಳೂರಲ್ಲಿ ಬೆವರು ಅಂಗಿಗೆ ಅಂಟಿ ಗೊತ್ತಾಗುತ್ತೆ, ಇಲ್ಲಿ ಗಾಳಿ ಎಷ್ಟು ಒಣ ಅಂದ್ರೆ ಬೆವರು ಬಂದಿದ್ದೇ ಗೊತ್ತಾಗದೆ ಆರಿಹೋಗುತ್ತೆ, ಮೈ ಒಣಗಿದೆ ಆರಾಮಾಗಿದೀನಿ ಅನ್ಕೊಂಡಿರ್ತೀರಾ, ಸಂಜೆ ಹೊತ್ತಿಗೆ ತಲೆನೋವು ಶುರು. ಇನ್ನೊಂದು ತಪ್ಪು ಇದರ ಉಲ್ಟಾ, ಬರೀ ನೀರು ಮಾತ್ರ ಕುಡೀತಾ ಹೋಗೋದು. ಉಪ್ಪು ಬೆವರಲ್ಲಿ ಹೋಗ್ತಾ ಇರುತ್ತೆ, ಅದನ್ನ ತುಂಬದೆ ಲೀಟರ್‌ಗಟ್ಟಲೆ ನೀರು ಕುಡಿದ್ರೆ ರಕ್ತದಲ್ಲಿ ಸೋಡಿಯಂ ಇಳಿದು ವಾಂತಿ, ಗಲಿಬಿಲಿ ಎಲ್ಲಾ ಆಗುತ್ತೆ, ಅದಕ್ಕೆ ಹೈಪೋನಟ್ರೀಮಿಯಾ ಅಂತಾರೆ. ಅದಕ್ಕೇ ಓಆರ್‌ಎಸ್ ಪ್ಯಾಕೆಟ್ ಇಟ್ಕೊಳ್ಳಿ, ಕೋಡುಬಳೆ ಚಕ್ಲಿ ಉಪ್ಪಿನಕಾಯಿ ಏನಿದ್ರೂ ತಗೊಂಡು ಹೋಗಿ, ಇಲ್ಲಿ ಅದು ಬರೀ ಬಾಯಿ ಚಪಲ ಅಲ್ಲ, ಕೆಲಸಕ್ಕೆ ಬರುತ್ತೆ.

ಒಂದೇ ದೊಡ್ಡ ಕ್ಯಾನಲ್ಲಿ ಎಲ್ಲಾ ನೀರು ತುಂಬಬೇಡಿ. ಅದೊಂದು ಸೋರಿದ್ರೆ ಟ್ರಿಪ್ಪೇ ಮುಗೀತು. ಎರಡು ಮೂರು ಕ್ಯಾನಿಗೆ ಹಂಚಿ, ಮೋಆಬ್ ಊರಲ್ಲೇ ತುಂಬಿಸ್ಕೊಂಡು ಹೊರಡಿ. ನದಿ ನೀರು ಫಿಲ್ಟರ್ ಮಾಡ್ತೀವಿ ಅನ್ನೋರಿಗೆ, ಕೊಲೊರಾಡೋ ನೀರಲ್ಲಿ ಕೆಸರು ತುಂಬಾ, ಸಣ್ಣ ಫಿಲ್ಟರ್ ಸ್ವಲ್ಪ ಹೊತ್ತಲ್ಲೇ ಕಟ್ಕೊಳುತ್ತೆ.

2. ಯಾವಾಗ ಹೋಗೋದು

ಏಪ್ರಿಲ್ ಮಧ್ಯದಿಂದ ಮೇ ತನಕ, ಇಲ್ಲಾ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ತನಕ. ಏಪ್ರಿಲ್‌ನಲ್ಲಿ ಆರ್ಚಸ್ ಹತ್ರ ಸರಾಸರಿ ಹಗಲು 22 ಡಿಗ್ರಿ ಸೆಲ್ಸಿಯಸ್, ರಾತ್ರಿ 6 ಡಿಗ್ರಿ. ಅಕ್ಟೋಬರ್ ಕೂಡ ಹೆಚ್ಚು ಕಮ್ಮಿ ಹಂಗೇ. ಜುಲೈನಲ್ಲಿ ಸರಾಸರಿ ಹಗಲೇ 38 ಡಿಗ್ರಿ, ಅದೂ ನೆರಳಲ್ಲಿ, ಬಂಡೆ ಮೇಲೆ ನಿಂತ್ರೆ ಕೆಳಗಿಂದಾನೂ ಸುಡುತ್ತೆ. ಮಕ್ಕಳ ಸ್ಕೂಲ್ ರಜ ಜೂನ್ ಜುಲೈನಲ್ಲೇ ಇರೋದು ನಂಗೂ ಗೊತ್ತು, ಆದ್ರೂ ಆ ಟೈಮಲ್ಲಿ ಚಿಕ್ಕ ಮಕ್ಕಳನ್ನ ಕರ್ಕೊಂಡು ಟೆಂಟಲ್ಲಿ ಮಲಗ್ತೀವಿ ಅಂದ್ರೆ ನಾನು ಬೇಡ ಅಂತೀನಿ, ಹೋಟೆಲ್ ಮಾಡ್ಕೊಳ್ಳಿ ಇಲ್ಲಾ ಸ್ಪ್ರಿಂಗ್ ಬ್ರೇಕ್‌ಗೆ ಹಾಕಿ.

ಜುಲೈ ಕೊನೆಯಿಂದ ಸೆಪ್ಟೆಂಬರ್ ತನಕ ಇಲ್ಲಿಗೂ ಒಂದು ಮಳೆಗಾಲ ಇದೆ, ಅದಕ್ಕೂ ಮಾನ್ಸೂನ್ ಅಂತಾನೇ ಹೆಸರು. ನಮ್ಮ ಮುಂಗಾರಿನಂಗೆ ಹಿಡಿದು ಬಡಿಯೋ ಮಳೆ ಅಲ್ಲ, ಮಧ್ಯಾಹ್ನ ಮೇಲೆ ಒಂದರ್ಧ ಗಂಟೆ ಗುಡುಗು ಸಿಡಿಲಿನ ಜೊತೆ ಸುರಿದು ಹೋಗುತ್ತೆ, ಅಪಾಯ ಇರೋದು ಅದ್ರಲ್ಲೇ, ಅದರ ಬಗ್ಗೆ ಮುಂದೆ ಹೇಳ್ತೀನಿ.

ಇನ್ನೊಂದು, ಕ್ಯಾಲೆಂಡರಲ್ಲಿ ಅಮಾವಾಸ್ಯೆ ನೋಡ್ಕೊಳ್ಳಿ. ಊರಲ್ಲಿ ಅಜ್ಜಿ ಅಮಾವಾಸ್ಯೆ ದಿನ ಪ್ರಯಾಣ ಬೇಡ ಅಂತಿದ್ರು, ಇಲ್ಲಿಗೆ ಅಮಾವಾಸ್ಯೇನೇ ಒಳ್ಳೇದು. ಕ್ಯಾನಿಯನ್‌ಲ್ಯಾಂಡ್ಸ್‌ಗೆ 2015ರಲ್ಲಿ, ಆರ್ಚಸ್‌ಗೆ 2019ರಲ್ಲಿ ಡಾರ್ಕ್ ಸ್ಕೈ ಪಾರ್ಕ್ ಅನ್ನೋ ಮಾನ್ಯತೆ ಸಿಕ್ಕಿದೆ, ಅಂದ್ರೆ ಊರ ದೀಪದ ಬೆಳಕು ಆಕಾಶನ ಕೆಡಿಸದೇ ಇರೋ ಜಾಗ. ಚಂದ್ರ ಇಲ್ಲದ ರಾತ್ರಿ ಆಕಾಶಗಂಗೆ ಬರಿಗಣ್ಣಿಗೆ ಕಾಣುತ್ತೆ.

3. ತಲುಪೋದು, ಮತ್ತೆ ಕಾರಿನ ವಿಷಯ

ಸಾಲ್ಟ್ ಲೇಕ್ ಸಿಟಿಗೆ ಫ್ಲೈಟ್ ಹಿಡಿದ್ರೆ ಅಲ್ಲಿಂದ ಸುಮಾರು 235 ಮೈಲಿ, ನಾಲ್ಕು ಗಂಟೆ. ಕೊಲೊರಾಡೋದ ಗ್ರ್ಯಾಂಡ್ ಜಂಕ್ಷನ್ನಿಂದ ಎರಡು ಗಂಟೆ ಒಳಗೇ. ಡೆನ್ವರಿಂದ ಐದೂವರೆ ಆರು ಗಂಟೆ. ಕ್ಯಾಲಿಫೋರ್ನಿಯಾ ಕಡೆಯೋರು ಲಾಸ್ ವೇಗಸ್ ಮೇಲೆ ಬರ್ತೀರಲ್ವಾ, ನಿಮಗೆ ಒಂದು ಮಾತು, ಐ-70 ಹೈವೇಯಲ್ಲಿ ಸಲೈನಾ ಅನ್ನೋ ಊರು ದಾಟಿದ್ರೆ ಗ್ರೀನ್ ರಿವರ್ ಊರು ಬರೋ ತನಕ 100 ಮೈಲಿಗೂ ಜಾಸ್ತಿ ದೂರ ಪೆಟ್ರೋಲ್ ಬಂಕ್ ಇಲ್ಲ, ಊಟ ಇಲ್ಲ, ಏನೂ ಇಲ್ಲ. ಸಲೈನಾದಲ್ಲೇ ಟ್ಯಾಂಕ್ ತುಂಬ್ಸಿ. ಎಲೆಕ್ಟ್ರಿಕ್ ಕಾರಿನೋರು ಇನ್ನೂ ಹುಷಾರು.

ಟಾರ್ ರೋಡಲ್ಲೇ ಇರೋದಾದ್ರೆ ಯಾವ ಕಾರಾದ್ರೂ ಸಾಕು, ಆರ್ಚಸ್, ಡೆಡ್ ಹಾರ್ಸ್ ಪಾಯಿಂಟ್, ಕ್ಯಾನಿಯನ್‌ಲ್ಯಾಂಡ್ಸ್ ಪಾರ್ಕಿನ ಐಲ್ಯಾಂಡ್ ಇನ್ ದ ಸ್ಕೈ ಭಾಗ, ಮೂರಕ್ಕೂ ಸೆಡಾನಲ್ಲಿ ಹೋಗ್ಬಹುದು. ಶೇಫರ್ ಟ್ರೇಲ್ ಅಂತ ಬಂಡೆ ಗೋಡೆಗೆ ಅಂಟ್ಕೊಂಡು ಇಳಿಯೋ ಮಣ್ಣಿನ ತಿರುವು ರಸ್ತೆ ಇದೆ, ವಿಡಿಯೋ ನೋಡಿ ಎಲ್ರಿಗೂ ಅಲ್ಲೇ ಹೋಗ್ಬೇಕು. ಚಾರ್ಮಾಡಿ ಘಾಟಿ ಓಡ್ಸಿದೀನಿ ಇದೇನ್ ಮಹಾ ಅನ್ಬೇಡಿ. ಅಲ್ಲಿಗೆ ನೆಲದಿಂದ ಎತ್ತರ ಇರೋ ಫೋರ್ ವೀಲ್ ಡ್ರೈವ್ ಬೇಕು, ತಡೆಗೋಡೆ ಇಲ್ಲ, ಮಳೆ ಬಂದ್ರೆ ಜೇಡಿಮಣ್ಣು ಬೆಣ್ಣೆ ಥರ ಜಾರುತ್ತೆ. ಬಾಡಿಗೆ ಕಾರಿನ ಒಪ್ಪಂದ ಓದಿ ನೋಡಿ, ಬಹಳಷ್ಟರಲ್ಲಿ ಮಣ್ಣಿನ ರಸ್ತೆಗೆ ಇಳಿಯೋಹಾಗಿಲ್ಲ, ಸಿಕ್ಕಾಕೊಂಡ್ರೆ ಇನ್ಶೂರೆನ್ಸೂ ಇಲ್ಲ, ಎಳೆದು ತರೋ ಟೋಯಿಂಗ್ ಬಿಲ್ಲು ಸಾವಿರ ಡಾಲರ್ ದಾಟೋದು ಮಾಮೂಲು. ಆಸೆ ಇದ್ರೆ ಮೋಆಬಲ್ಲಿ ಜೀಪ್ ಟೂರ್ ತಗೊಳ್ಳಿ, ಕಿಟಕೀಲಿ ನೋಡ್ಕೊಂಡು ಕೂತ್ಕೊಳ್ಳಿ.

ಫೋನ್ ಸಿಗ್ನಲ್ ಪಾರ್ಕ್ ಒಳಗೆ ಇಲ್ಲಾಂತಾನೇ ಅನ್ಕೊಳ್ಳಿ. ಆಫ್‌ಲೈನ್ ಮ್ಯಾಪ್ ಮನೇಲೇ ಇಳಿಸ್ಕೊಳ್ಳಿ, ಕಾಗದದ ಮ್ಯಾಪ್ ವಿಸಿಟರ್ ಸೆಂಟರಲ್ಲಿ ಕೊಡ್ತಾರೆ ಅದನ್ನೂ ತಗೊಳ್ಳಿ, ಎಲ್ಲಿಗೆ ಹೋಗ್ತಿದೀವಿ ಯಾವಾಗ ವಾಪಸ್ ಅಂತ ಊರಲ್ಲಿರೋ ಒಬ್ರಿಗಾದ್ರೂ ಹೇಳಿ ಹೋಗಿ.

4. ಟೆಂಟ್ ಹಾಕೋ ಜಾಗ

ಇಲ್ಲೇ ಜನ ಅತಿ ಹೆಚ್ಚು ಎಡವೋದು. ಜಾಗ ನಾಲ್ಕು ಥರ ಇದೆ.

ಮೊದಲನೇದು ಆರ್ಚಸ್ ಪಾರ್ಕ್ ಒಳಗಿರೋ ಡೆವಿಲ್ಸ್ ಗಾರ್ಡನ್ ಕ್ಯಾಂಪ್‌ಗ್ರೌಂಡ್. ಗೇಟಿಂದ 18 ಮೈಲಿ ಒಳಗೆ, ಒಟ್ಟು ಇರೋದೇ 51 ಜಾಗ, ಕುಡಿಯೋ ನೀರಿದೆ. ಮಾರ್ಚ್‌ನಿಂದ ಅಕ್ಟೋಬರ್ ತನಕದ್ದು ರಿಕ್ರಿಯೇಷನ್ ಡಾಟ್ ಗವ್ ಸೈಟಲ್ಲಿ ಆರು ತಿಂಗಳು ಮುಂಚೆ ತೆಗೀತಾರೆ, ತತ್ಕಾಲ್ ಟಿಕೆಟ್ ಬುಕ್ ಮಾಡಿ ಅಭ್ಯಾಸ ಇರೋರಿಗೆ ಹೇಳಿಕೊಡ್ಬೇಕಾಗಿಲ್ಲ, ಅದೇ ಥರ ಬೆರಳು ರೆಡಿ ಇಟ್ಕೊಂಡು ಕೂರ್ಬೇಕು. ಏಪ್ರಿಲ್‌ಗೆ ಹೋಗೋದಾದ್ರೆ ಅಕ್ಟೋಬರಲ್ಲೇ ಯೋಚನೆ ಮಾಡಿ. ಈಗ ಕೇಳ್ತಿದೀರಾ ಅಂದ್ರೆ ಸಿಗಲ್ಲ, ಯಾರಾದ್ರೂ ಕ್ಯಾನ್ಸಲ್ ಮಾಡಿದ್ದು ಕಣ್ಣಿಗೆ ಬಿದ್ರೆ ಪುಣ್ಯ.

ಎರಡನೇದು ಕ್ಯಾನಿಯನ್‌ಲ್ಯಾಂಡ್ಸ್. ಇದು 1964ರಲ್ಲಿ ಆದ ಪಾರ್ಕು, ನದಿಗಳು ಇದನ್ನ ಬೇರೆ ಬೇರೆ ತುಂಡು ಮಾಡಿವೆ, ಒಂದರಿಂದ ಇನ್ನೊಂದಕ್ಕೆ ಪಾರ್ಕ್ ಒಳಗೇ ರಸ್ತೆ ಇಲ್ಲ. ಇದು ಗೊತ್ತಿಲ್ಲದೆ ಬೆಳಿಗ್ಗೆ ಐಲ್ಯಾಂಡ್ ಇನ್ ದ ಸ್ಕೈ, ಮಧ್ಯಾಹ್ನ ನೀಡಲ್ಸ್ ಅಂತ ಪ್ಲಾನ್ ಹಾಕಿರೋರು ಎಷ್ಟು ಜನ ಬೇಕು. ಮೋಆಬಿಂದ ಮೊದಲನೇದಕ್ಕೆ 40 ನಿಮಿಷ, ಎರಡನೇದಕ್ಕೆ 75 ಮೈಲಿ ಬೇರೆ ದಿಕ್ಕಿಗೆ, ಒಂದೂವರೆ ಗಂಟೆ. ಒಂದೇ ದಿನಕ್ಕೆ ಎರಡೂ ಬೇಡ. ಐಲ್ಯಾಂಡ್ ಇನ್ ದ ಸ್ಕೈನಲ್ಲಿ 12 ಜಾಗದ ಪುಟ್ಟ ಕ್ಯಾಂಪ್‌ಗ್ರೌಂಡ್ ಇದೆ, ಬುಕಿಂಗ್ ಇಲ್ಲ, ಮೊದಲು ಬಂದೋರಿಗೆ ಮೊದಲು, ನೀರಿಲ್ಲ. ನೀಡಲ್ಸ್‌ನಲ್ಲಿ 26, ಅಲ್ಲಿ ನೀರಿದೆ, ಕೆಲವು ಜಾಗ ಬುಕ್ ಮಾಡ್ಬಹುದು. ನನ್ನನ್ನ ಕೇಳಿದ್ರೆ ನೀಡಲ್ಸೇ ಚೆಂದ, ಜನ ಕಮ್ಮಿ, ಟೆಂಟಿಗೆ ಬೆನ್ನು ಕೊಟ್ಟು ಬಂಡೆ ಇರುತ್ತೆ, ನೆರಳು ಸಿಗುತ್ತೆ.

ಮೂರನೇದು ಡೆಡ್ ಹಾರ್ಸ್ ಪಾಯಿಂಟ್. ಇದು ನ್ಯಾಷನಲ್ ಪಾರ್ಕ್ ಅಲ್ಲ, ಯೂಟಾ ರಾಜ್ಯದ್ದು, ಕೊಲೊರಾಡೋ ನದಿ 2,000 ಅಡಿ ಕೆಳಗೆ ಹೆಬ್ಬಾವಿನ ಥರ ಸುತ್ತಿ ಮಲಗಿರೋದು ಕಾಣುತ್ತಲ್ಲ ಆ ಫೋಟೋ ಇಲ್ಲಿಯದು. ಬುಕಿಂಗ್ ಇದೆ. ಅಲ್ಲಿಗೆ ನೀರನ್ನ ಟ್ರಕ್ಕಲ್ಲಿ ಹೊತ್ತು ತರ್ತಾರೆ, ಅದಕ್ಕೆ ಕ್ಯಾನ್ ತುಂಬಿಸ್ಕೊಂಡೇ ಬನ್ನಿ ಅಂತಾರೆ.

ನಾಲ್ಕನೇದು ಬಿಎಲ್‌ಎಂ ಜಾಗ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಅಂತ ಕೇಂದ್ರ ಸರ್ಕಾರದ ಭೂಮಿ ನೋಡ್ಕೊಳ್ಳೋ ಇಲಾಖೆ, ನಮ್ಮ ಗೋಮಾಳ ಥರ ಅನ್ಕೊಳ್ಳಿ, ಆದ್ರೆ ಸಾವಿರಾರು ಪಟ್ಟು ದೊಡ್ಡದು. ಹೈವೇ 128ರಲ್ಲಿ ನದಿ ಪಕ್ಕದಲ್ಲೇ ಗೂಸ್ ಐಲ್ಯಾಂಡ್, ಗ್ರ್ಯಾಂಡ್‌ಸ್ಟಾಫ್, ಬಿಗ್ ಬೆಂಡ್ ಅಂತ ಸಾಲಾಗಿ ಕ್ಯಾಂಪ್‌ಗ್ರೌಂಡ್ ಇವೆ. ರಾತ್ರಿಗೆ 20 ಡಾಲರ್ ಆಸುಪಾಸು, ಬುಕಿಂಗ್ ಇಲ್ಲ, ಗುಂಡಿ ಟಾಯ್ಲೆಟ್ ಇದೆ, ಕುಡಿಯೋ ನೀರಿಲ್ಲ. ಶುಕ್ರವಾರ ಸಂಜೆ ಆರಕ್ಕೆ ಬಂದು ಹುಡುಕಿದ್ರೆ ಖಂಡಿತ ಸಿಗಲ್ಲ. ಬುಧವಾರ ಗುರುವಾರ ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಹೋಗಿ, ಹಿಂದಿನೋರು ಟೆಂಟ್ ಮಡಚ್ತಾ ಇರ್ತಾರೆ, ಆಗ ಹಿಡೀಬೇಕು. ಲಕೋಟೆಗೆ ದುಡ್ಡು ಹಾಕೋ ಪದ್ಧತಿ, ಚಿಲ್ಲರೆ ಕ್ಯಾಶ್ ಇಟ್ಕೊಳ್ಳಿ.

ಬಿಎಲ್‌ಎಂ ಅಂದ ತಕ್ಷಣ ಎಲ್ಲಿ ಬೇಕಾದ್ರೂ ಫ್ರೀಯಾಗಿ ಟೆಂಟ್ ಹಾಕಬಹುದು ಅಂತ ಯಾರೋ ಹೇಳಿರ್ತಾರೆ. ಮೋಆಬ್ ಊರಿನ ಹತ್ರ ಹಂಗಿಲ್ಲ, ಬೋರ್ಡ್ ಇರೋ ಜಾಗದಲ್ಲಿ ಮಾತ್ರ. ದೂರದಲ್ಲಿ ಬಿಡೋ ಕಡೆನೂ ನಿಮ್ಮ ಟಾಯ್ಲೆಟ್ ನೀವೇ ತರ್ಬೇಕು.

5. ಹೌದು, ಟಾಯ್ಲೆಟ್

ಕೇಳೋಕೆ ಎಲ್ರಿಗೂ ಸಂಕೋಚ, ಹೇಳೋಕೆ ನಂಗಿಲ್ಲ. ಕಾಡಲ್ಲಿ ಗುಂಡಿ ತೋಡಿ ಮುಚ್ಚಿದ್ರೆ ಆಯ್ತು, ಇಲ್ಲಿ ಆಗಲ್ಲ. ಮರುಭೂಮಿ ಮಣ್ಣಲ್ಲಿ ತೇವ ಇಲ್ಲ, ಕೊಳೆಸೋ ಸೂಕ್ಷ್ಮಜೀವಿ ಕಮ್ಮಿ, ಹೂತಿದ್ದು ವರ್ಷಗಟ್ಟಲೆ ಹಂಗೇ ಇರುತ್ತೆ, ಗಾಳಿಗೆ ಮರಳು ಸರಿದ್ರೆ ಮೇಲೂ ಬರುತ್ತೆ. ಅದಕ್ಕೆ ವ್ಯಾಗ್ ಬ್ಯಾಗ್ ಅಂತ ಸಿಗುತ್ತೆ, ಒಳಗೆ ಪುಡಿ ಇರೋ ಗಟ್ಟಿ ಚೀಲ, ಆ ಪುಡಿ ದ್ರವಾನ ಹೀರಿ ಜೆಲ್ ಮಾಡುತ್ತೆ, ವಾಸನೆ ತಡೆಯುತ್ತೆ. ಒಂದರೊಳಗೆ ಒಂದು ಚೀಲ ಹಾಕಿ ಕಟ್ಟಿ ವಾಪಸ್ ತಂದು ಊರಿನ ಕಸದ ತೊಟ್ಟಿಗೆ ಹಾಕೋದು. ಕ್ಯಾಂಪ್‌ಗ್ರೌಂಡಿನ ಗುಂಡಿ ಟಾಯ್ಲೆಟ್ ಒಳಗೆ ಮಾತ್ರ ಹಾಕಬೇಡಿ, ಪಂಪ್ ಕಟ್ಕೊಳುತ್ತೆ. ಟಿಶ್ಯೂ, ಡಯಾಪರ್, ಪ್ಯಾಡ್ ಎಲ್ಲದಕ್ಕೂ ಇದೇ ನಿಯಮ. ಮೋಆಬ್ ಅಂಗಡಿಗಳಲ್ಲಿ ಸಿಗುತ್ತೆ, ತಲಾ ಎರಡು ಮೂರು ಇಟ್ಕೊಂಡಿರಿ. ಚೊಂಬು ಬೇಕು ಅನ್ನೋರು ನೀರಿನ ಲೆಕ್ಕಕ್ಕೆ ಅದನ್ನೂ ಸೇರಿಸ್ಕೊಳ್ಳಿ.

6. ಟೆಂಟ್ ಮತ್ತೆ ಹಾಸಿಗೆ

ಕೊನೆಗೂ ಟೆಂಟಿಗೆ ಬಂದ್ವಿ. ಬ್ರ್ಯಾಂಡ್ ಯಾವುದಾದ್ರೂ ಇರ್ಲಿ, ಗಾಳಿಗೆ ನಿಲ್ಲೋದು ಮುಖ್ಯ. ವಸಂತದಲ್ಲಿ ಮಧ್ಯಾಹ್ನ ಮೇಲೆ ಎದ್ದು ಬರೋ ಗಾಳಿ ಎತ್ತರದ ಫ್ಯಾಮಿಲಿ ಟೆಂಟನ್ನ ಗಾಳಿಪಟ ಮಾಡುತ್ತೆ. ನಮ್ಮದೇ ಮೊದಲ ಟ್ರಿಪ್ಪಲ್ಲಿ ರಾತ್ರಿ ಹನ್ನೊಂದಕ್ಕೆ ಗೂಟ ಒಂದೊಂದಾಗಿ ಕಿತ್ಕೊಂಡು ಬಂತು, ಉಳಿದ ರಾತ್ರಿ ನಾಲ್ಕು ಜನ ಕಾರಲ್ಲಿ ಕೂತೇ ಕಳೆದ್ವಿ. ಟೆಂಟ್ ಜೊತೆ ಬರೋ ಸಣ್ಣ ತಂತಿ ಗೂಟ ಮರಳಲ್ಲಿ ನಿಲ್ಲಲ್ಲ, ಅಗಲ ಇರೋ ಸ್ಯಾಂಡ್ ಗೂಟ ತಗೊಳ್ಳಿ, ಗಟ್ಟಿ ನೆಲ ಆದ್ರೆ ಹಗ್ಗವನ್ನ ದೊಡ್ಡ ಕಲ್ಲಿಗೆ ಕಟ್ಟಿ, ಹೊರಡುವಾಗ ಆ ಕಲ್ಲು ಇದ್ದಲ್ಲೇ ಇಟ್ಟು ಬನ್ನಿ. ಹೈಕ್‌ಗೆ ಹೋಗುವಾಗ ಟೆಂಟ್ ಖಾಲಿ ಬಿಡದೆ ಒಳಗೆ ಭಾರದ ಬ್ಯಾಗ್ ಇಡಿ, ಜಿಪ್ ಪೂರ್ತಿ ಮುಚ್ಚಿ, ಇಲ್ಲಾಂದ್ರೆ ವಾಪಸ್ ಬರೋ ಹೊತ್ತಿಗೆ ಹಾಸಿಗೆ ಮೇಲೆ ಕೆಂಪು ಧೂಳಿನ ರಂಗೋಲಿ.

ಮರುಭೂಮಿ ಅಂದ್ರೆ ಸೆಕೆ ಅಂತ ತೆಳು ಹೊದಿಕೆ ತರಬೇಡಿ. ಹಗಲಿಗೂ ರಾತ್ರಿಗೂ ಒಂದೇ ದಿನದಲ್ಲಿ 20 ಡಿಗ್ರಿ ಸೆಲ್ಸಿಯಸ್ ತನಕ ವ್ಯತ್ಯಾಸ ಆಗಬಹುದು. ಏಪ್ರಿಲ್ ಅಕ್ಟೋಬರ್‌ಗೆ ಸೊನ್ನೆ ಡಿಗ್ರಿ ತಡೆಯೋ ಸ್ಲೀಪಿಂಗ್ ಬ್ಯಾಗ್ ಇರ್ಲಿ, ಕೆಳಗೆ ಹಾಸೋ ಪ್ಯಾಡ್ ಅದಕ್ಕಿಂತ ಮುಖ್ಯ, ಚಳಿ ನೆಲದಿಂದ ಏರುತ್ತೆ. ಮಂಕಿ ಕ್ಯಾಪ್ ಇದ್ರೆ ನಾಚ್ಕೋಬೇಡಿ. ಬೆಳಿಗ್ಗೆ ಶೂ ಹಾಕ್ಕೊಳ್ಳೋ ಮುಂಚೆ ತಲೆಕೆಳಗೆ ಮಾಡಿ ಒಂದ್ಸಲ ಒದರಿ, ಚೇಳು ಒಳಗೆ ಬೆಚ್ಚಗೆ ಕೂತಿರಬಹುದು.

ವಾಶ್ ಒಳಗೆ ಟೆಂಟ್ ಹಾಕಬೇಡಿ. ವಾಶ್ ಅಂದ್ರೆ ನಮ್ಮ ಒಣಹಳ್ಳ, ಸಮತಟ್ಟಾಗಿ ಮೆತ್ತಗೆ ಮರಳು ಇರುತ್ತೆ, ನೋಡಿದ್ರೆ ಹಾಸಿಗೆ ಹಾಸಿದಂಗೆ ಕಾಣುತ್ತೆ. ಆ ಮರಳನ್ನ ಅಲ್ಲಿಗೆ ತಂದಿದ್ದು ನೀರೇ.

7. ಅಡುಗೆ

ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲಿ ಬಿಡಲ್ಲ, ಚೆಕ್-ಇನ್ ಬ್ಯಾಗಲ್ಲೂ ಇಲ್ಲ. ಸ್ಟೋವ್ ಮಾತ್ರ ಚೆನ್ನಾಗಿ ಒರೆಸಿ ತಗೊಂಡು ಬಂದು ಗ್ಯಾಸನ್ನ ಇಲ್ಲಿ ಕೊಂಡ್ಕೊಳ್ಳಿ.

ಅನ್ನ ಮಾಡೋರು ಒಂದು ತಿಳ್ಕೊಳ್ಳಿ. ಮೋಆಬ್ ಇರೋದು ಸುಮಾರು 4,000 ಅಡಿ ಎತ್ತರದಲ್ಲಿ, ಐಲ್ಯಾಂಡ್ ಇನ್ ದ ಸ್ಕೈ 6,000 ಅಡಿ. ಅಲ್ಲಿ ನೀರು 94 ಡಿಗ್ರಿಗೇ ಕುದಿಯುತ್ತೆ, ಕುದೀತಾ ಇದೆ ಅಂತ ಕಾಣುತ್ತೆ ಆದ್ರೆ ಬೇಳೆ ಬೇಗ ಬೇಯಲ್ಲ. ಚಿಕ್ಕ ಕುಕ್ಕರ್ ಇದ್ರೆ ತನ್ನಿ, ಇಲ್ಲಾಂದ್ರೆ ಬೇಳೆ ಆಸೆ ಬಿಡಿ. ನಾನು ಈಗ ಬೇಯಿಸೋದೇ ಕಮ್ಮಿ ಮಾಡಿದೀನಿ. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ಇದ್ರೆ ಮಧ್ಯಾಹ್ನದ ಊಟ ಆಯ್ತು. ಉತ್ತರ ಕರ್ನಾಟಕದೋರು ಬಿಸಿಲಲ್ಲಿ ಹೊಲಕ್ಕೆ ಕಟ್ಕೊಂಡು ಹೋಗೋ ಬುತ್ತಿ ಇಲ್ಲಿಗೆ ಹೇಳಿ ಮಾಡ್ಸಿದಂಗಿದೆ, ರೊಟ್ಟಿ ಚಟ್ನಿಪುಡಿ ಕೆಡಲ್ಲ, ನೀರು ಬೇಡ, ಪಾತ್ರೆ ತೊಳೆಯೋದಿಲ್ಲ. ಬೆಳಿಗ್ಗೆ ಗೊಜ್ಜವಲಕ್ಕಿ, ರಾತ್ರಿಗೆ ಬಿಸಿನೀರು ಹಾಕೋ ಉಪ್ಪಿಟ್ಟಿನ ಮಿಕ್ಸು. ಸಾಂಬಾರ್ ಪಾತ್ರೆ ತೊಳೆಯೋಕೆ ಎರಡು ಲೀಟರ್ ನೀರು ಹೋಗುತ್ತೆ ಅನ್ನೋದು ಒಂದ್ಸಲ ತೊಳೆದ ಮೇಲೇ ಗೊತ್ತಾಗೋದು. ಮೊದಲು ಟಿಶ್ಯೂ ಹಾಕಿ ಒರೆಸಿ, ಆಮೇಲೆ ಚೂರು ನೀರು.

ಕಟ್ಟಿಗೆ ಅಲ್ಲಿ ಇಲ್ಲಿ ಆರಿಸೋಹಾಗಿಲ್ಲ, ಒಣಗಿ ಬಿದ್ದಿರೋದೂ ಸೇರಿ. ಮೋಆಬಲ್ಲಿ ಕಟ್ಟು ಸಿಗುತ್ತೆ. ಬೆಂಕಿ ಕಬ್ಬಿಣದ ಬಳೆ ಇಟ್ಟಿರೋ ಜಾಗದಲ್ಲಿ ಮಾತ್ರ, ಅದೂ ಬೆಂಕಿ ನಿಷೇಧ ಇದೆಯಾ ಅಂತ ಅವತ್ತೇ ಕೇಳ್ಕೊಂಡು. ಊಟದ ಚೀಲ ಹೊರಗೆ ಬಿಟ್ರೆ ರೇವನ್ ಕಾಗೆ ಬರುತ್ತೆ, ನಮ್ಮ ಕಾಗೆಗಿಂತ ದೊಡ್ಡದು, ಜಾಣತನದಲ್ಲಿ ಒಂದು ಕೈ ಮೇಲು. ರಾತ್ರಿ ಇಲಿ ಕಾಟ. ಎಲ್ಲಾ ಕಾರ್ ಒಳಗೆ.

8. ದಿನದ ಟೈಮ್‌ಟೇಬಲ್

ಸೂರ್ಯ ಹುಟ್ಟೋ ಮುಂಚೆ ಎದ್ದು ಹೊರಡಿ, ಹನ್ನೊಂದರ ಒಳಗೆ ಹೈಕ್ ಮುಗಿಸಿ, ಹನ್ನೊಂದರಿಂದ ನಾಲ್ಕರ ತನಕ ನೆರಳು ಹುಡುಕಿ ಬಿದ್ಕೊಳ್ಳಿ ಇಲ್ಲಾ ಕಾರಲ್ಲಿ ವ್ಯೂ ಪಾಯಿಂಟ್ ಸುತ್ತಿ, ಸಂಜೆ ಮತ್ತೆ ಹೊರಡಿ. ನಮ್ಮೋರ ಗುಂಪು ಹೆಂಗೆ ಅಂದ್ರೆ ಎಂಟಕ್ಕೆ ಏಳೋದು, ಕಾಫಿ, ತಿಂಡಿ, ಫೋಟೋ, ಎಲ್ಲಾ ಮುಗಿದು ಟ್ರೇಲ್ ಹತ್ರ ಬರೋದು ಹನ್ನೊಂದೂವರೆಗೆ. ಸರಿಯಾಗಿ ನೆತ್ತಿ ಸುಡೋ ಟೈಮ್.

ಆರ್ಚಸ್ ಪಾರ್ಕಿನ ಡೆಲಿಕೇಟ್ ಆರ್ಚ್ ಅನ್ನೋ ಕಲ್ಲಿನ ಕಮಾನು, ಯೂಟಾದ ನಂಬರ್ ಪ್ಲೇಟಲ್ಲಿ ನೋಡಿರ್ತೀರಲ್ಲ ಅದು, ಹೋಗಿ ಬರೋಕೆ 3 ಮೈಲಿ. ದೂರ ಕಮ್ಮಿ, ಆದ್ರೆ ದಾರಿ ಬಹುತೇಕ ಬೋಳು ಬಂಡೆ ಏರು, ನೆರಳು ಅನ್ನೋದೇ ಇಲ್ಲ. ತಲಾ 2 ಲೀಟರ್ ನೀರು, ಟೋಪಿ. ಸಂಜೆ ಹೋಗೋದಾದ್ರೆ ಇಳಿಯೋಕೆ ಹೆಡ್‌ಲ್ಯಾಂಪ್, ಫೋನ್ ಟಾರ್ಚ್ ಸಾಲಲ್ಲ. ಲ್ಯಾಂಡ್‌ಸ್ಕೇಪ್ ಆರ್ಚ್ ಕೂಡ ಬಿಡಬೇಡಿ, 306 ಅಡಿ ಉದ್ದದ ಕಲ್ಲಿನ ಕಮಾನು, ನಡುವೆ ಎಷ್ಟು ತೆಳು ಅಂದ್ರೆ ಕೆಳಗೆ ನಿಂತ್ಕೊಳ್ಳೋಕೇ ಬಿಡಲ್ಲ. ಆ ದಾರಿ ಅಷ್ಟು ಏರಿಲ್ಲ.

ಇನ್ನೊಂದೆರಡು ಪದ. ಸ್ಲಿಕ್‌ರಾಕ್ ಅಂದ್ರೆ ಬೋಳು ಮರಳುಗಲ್ಲು, ಒಣಗಿದ್ದಾಗ ಶೂ ಚೆನ್ನಾಗಿ ಹಿಡಿಯುತ್ತೆ, ಒದ್ದೆ ಆದ್ರೆ ಜಾರುತ್ತೆ. ಹತ್ತೋದು ಸುಲಭ, ಇಳಿಯೋದು ಕಷ್ಟ, ಎಷ್ಟೋ ಜನ ಹುಮ್ಮಸ್ಸಲ್ಲಿ ಹತ್ತಿ ಮೇಲೆ ನಿಂತು ಪೆಚ್ಚು ಮೋರೆ ಹಾಕ್ತಾರೆ. ಹತ್ತೋ ಮುಂಚೆ ಇದನ್ನ ಇಳೀಬಲ್ಲೆನಾ ಅಂತ ಕೇಳ್ಕೊಳ್ಳಿ. ಕೇರ್ನ್ ಅಂದ್ರೆ ದಾರಿ ತೋರ್ಸೋಕೆ ಪೇರಿಸಿಟ್ಟಿರೋ ಸಣ್ಣ ಕಲ್ಲಿನ ಗುಪ್ಪೆ. ಒಂದರ ಹತ್ರ ನಿಂತು ಮುಂದಿಂದು ಕಾಣೋ ತನಕ ಹೆಜ್ಜೆ ಇಡಬೇಡಿ. ಮಕ್ಕಳು ಆಟಕ್ಕೆ ಹೊಸದು ಕಟ್ಟೋದು, ಇರೋದನ್ನ ಬೀಳ್ಸೋದು ಬೇಡ, ಹಿಂದೆ ಬರೋರು ದಾರಿ ತಪ್ತಾರೆ. ಅಂಚುಗಳಲ್ಲಿ ಬಹಳ ಕಡೆ ಕಟಕಟೆ ಇಲ್ಲ, ಮಕ್ಕಳ ಕೈ ಹಿಡ್ಕೊಂಡೇ ಇರಿ, ಸೆಲ್ಫಿಗೆ ಹಿಂದೆ ಹಿಂದೆ ಹೋಗೋ ದೊಡ್ಡೋರದ್ದೂ ಹಿಡ್ಕೊಳ್ಳಿ.

ಯಾರಾದ್ರೂ ತಲೆಸುತ್ತು, ವಾಕರಿಕೆ ಅಂದ್ರೆ ನೆರಳಿಗೆ ಕೂರ್ಸಿ, ಮೈ ಒದ್ದೆ ಮಾಡಿ, ಉಪ್ಪು ಸಕ್ಕರೆ ನೀರು ಕೊಡಿ. ಮಾತು ತೊದಲ್ತಿದೆ, ಎಲ್ಲಿದೀವಿ ಅಂತ ಗೊತ್ತಾಗ್ತಿಲ್ಲ, ಮೈ ಕೆಂಡದಂಗಿದೆ ಅಂದ್ರೆ ಅದು ಹೀಟ್ ಸ್ಟ್ರೋಕ್, ಆಗ ಬಾಯಿಗೆ ನೀರು ಹಾಕೋದಲ್ಲ, ಮೈ ತಣ್ಣಗೆ ಮಾಡ್ತಾ 911ಗೆ ಕಾಲ್ ಮಾಡ್ಬೇಕು, ಸಿಗ್ನಲ್ ಇಲ್ಲಾಂದ್ರೆ ಒಬ್ರು ಓಡ್ಬೇಕು.

9. ಫ್ಲ್ಯಾಶ್ ಫ್ಲಡ್

ಇದನ್ನ ಮಾತ್ರ ದಯವಿಟ್ಟು ಹಾರಿಸಿ ಓದಬೇಡಿ. ಬಂಡೆ ನೀರು ಹೀರಲ್ಲ, ಬಿದ್ದಿದ್ದೆಲ್ಲ ಹರಿಯುತ್ತೆ, ಅಗಲದ ಪ್ರದೇಶದ ಮಳೆ ಪೂರ್ತಿ ಒಂದು ಇಕ್ಕಟ್ಟಿನ ಕೊರಕಲಿಗೆ ನುಗ್ಗುತ್ತೆ. ಸ್ಲಾಟ್ ಕ್ಯಾನಿಯನ್ ಅಂದ್ರೆ ಎರಡು ಗೋಡೆ ಮಧ್ಯೆ ಕೈ ಚಾಚೋಕೂ ಜಾಗ ಇರದ ಸಂದು, ಅದರೊಳಗೆ ಇದ್ರೆ ಹತ್ತೋಕೆ ದಾರಿನೇ ಇರಲ್ಲ. ಅರಿಜೋನಾದ ಲೋವರ್ ಆಂಟೆಲೋಪ್ ಕ್ಯಾನಿಯನಲ್ಲಿ 1997ರ ಆಗಸ್ಟ್ 12ಕ್ಕೆ 11 ಜನ ಪ್ರವಾಸಿಗಳು ಕೊಚ್ಚಿಹೋದ್ರು, ಮಳೆ ಬಿದ್ದಿದ್ದು ಮೈಲಿಗಟ್ಟಲೆ ದೂರ. ಯೂಟಾದಲ್ಲೇ ಜೈಯನ್ ಪಾರ್ಕಿನ ಕೀಹೋಲ್ ಕ್ಯಾನಿಯನಲ್ಲಿ 2015ರ ಸೆಪ್ಟೆಂಬರಲ್ಲಿ 7 ಜನ ಹೋದ್ರು.

ಅದಕ್ಕೆ ನಿಮ್ಮ ತಲೆ ಮೇಲಿನ ಆಕಾಶ ನೋಡಿ ಸಮಾಧಾನ ಪಟ್ಕೋಬೇಡಿ, ನೀರು ಯಾವ ಕಡೆಯಿಂದ ಇಳಿದು ಬರುತ್ತೋ ಆ ಕಡೆ ಹವಾಮಾನ ನೋಡಿ. ಬೆಳಿಗ್ಗೆ ವಿಸಿಟರ್ ಸೆಂಟರಲ್ಲಿ ರೇಂಜರ್‌ನ ಕೇಳಿ, ಮಳೆ ಸಾಧ್ಯತೆ ಇದೆ ಅಂದ್ರೆ ಕೊರಕಲಿಗೆ ಇಳಿಯೋದು ಕ್ಯಾನ್ಸಲ್, ಟಿಕೆಟ್ ದುಡ್ಡು ಹೋದ್ರೆ ಹೋಗ್ಲಿ. ಒಳಗಿದ್ದಾಗ ತಿಳಿ ನೀರು ಇದ್ದಕ್ಕಿದ್ದಂತೆ ಕೆಸರಾದ್ರೆ, ಕಡ್ಡಿ ಎಲೆ ತೇಲಿ ಬಂದ್ರೆ, ಟ್ರೇನ್ ಬರೋ ಥರ ಸದ್ದು ಕೇಳಿದ್ರೆ ಬ್ಯಾಗ್ ಬಿಟ್ಟು ಎತ್ತರಕ್ಕೆ ಹತ್ತಿ. ರಸ್ತೆ ಮೇಲೆ ನೀರು ಹರೀತಾ ಇದ್ರೆ ಕಾರು ಇಳಿಸಬೇಡಿ, ಕಾಯಿರಿ, ಒಂದೆರಡು ಗಂಟೇಲಿ ಸಾಮಾನ್ಯವಾಗಿ ಇಳಿಯುತ್ತೆ.

10. ಕಾಲು ಎಲ್ಲಿಡೋದು

ದಾರಿ ಪಕ್ಕ ಕಪ್ಪಗೆ ಗಂಟು ಗಂಟಾಗಿ, ಸುಟ್ಟ ಮಣ್ಣಿನ ಥರ ಒಂದು ಪದರ ಕಾಣುತ್ತೆ. ಅದು ಜೀವ ಇರೋ ಮಣ್ಣು, ಸೈನೋಬ್ಯಾಕ್ಟೀರಿಯಾ, ಪಾಚಿ, ಕಲ್ಲುಹೂವು ಎಲ್ಲಾ ಸೇರಿ ಮರಳನ್ನ ಹಿಡಿದು ಕಟ್ಟಿಟ್ಟಿರೋದು, ಅದಿಲ್ಲಾಂದ್ರೆ ಇಲ್ಲಿ ಗಿಡಾನೇ ಬೇರು ಬಿಡಲ್ಲ. ಒಂದು ಹೆಜ್ಜೆ ಇಟ್ರೆ ಪುಡಿ, ವಾಪಸ್ ಆಗೋಕೆ ದಶಕಗಳು ಬೇಕು. ಟ್ರೇಲ್, ಬಂಡೆ, ಇಲ್ಲಾ ಒಣಹಳ್ಳದ ಮರಳು, ಈ ಮೂರರ ಮೇಲೆ ಮಾತ್ರ ನಡೀರಿ.

ನೀಡಲ್ಸ್‌ಗೆ ಹೋಗೋ ದಾರೀಲಿ ನ್ಯೂಸ್‌ಪೇಪರ್ ರಾಕ್ ಅಂತ ಒಂದು ಬಂಡೆ ಇದೆ, ಕಾರ್ ನಿಲ್ಸಿ ನೋಡಿ, ಇಡೀ ಕಲ್ಲಿನ ತುಂಬ ಕುರಿ, ಜಿಂಕೆ, ಪಾದ, ಬಿಲ್ಲು ಹಿಡಿದೋರು. ಇಲ್ಲಿನ ಮೂಲನಿವಾಸಿಗಳು ತಲೆತಲಾಂತರದಿಂದ ಕೆತ್ತಿದ್ದು, ಅವರ ಮಂದಿ ಈಗಲೂ ಇದಾರೆ. ಕೈ ಇಟ್ಟು ಮುಟ್ಟಬೇಡಿ, ಬೆರಳ ಎಣ್ಣೆ ಕಲ್ಲು ಕೆಡಿಸುತ್ತೆ. ಹೆಸರು ಕೆತ್ತೋದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ, ವೀಸಾ ಮೇಲಿರೋರಿಗೆ ಅದಕ್ಕಿಂತ ಹೆಚ್ಚು ಹೇಳ್ಬೇಕಾಗಿಲ್ಲ. ಡ್ರೋನ್ ಕೂಡ ನ್ಯಾಷನಲ್ ಪಾರ್ಕಲ್ಲಿ ನಿಷೇಧ.

11. ಪಾಸು, ಮತ್ತೆ ಅಪ್ಪ ಅಮ್ಮ ಜೊತೇಲಿದ್ರೆ

ಎರಡು ಮೂರು ನ್ಯಾಷನಲ್ ಪಾರ್ಕ್ ನೋಡೋದಾದ್ರೆ ವಾರ್ಷಿಕ ಪಾಸ್ ತಗೊಳ್ಳಿ. 2026ರಿಂದ ಅಮೆರಿಕದಲ್ಲಿ ವಾಸ ಇರೋರಿಗೆ 80 ಡಾಲರ್, ಹೊರದೇಶದಿಂದ ಪ್ರವಾಸಕ್ಕೆ ಬಂದೋರಿಗೆ 250, ಹಾಗಾಗಿ ಇಲ್ಲಿನ ಗುರುತಿನ ಚೀಟಿ ಜೊತೇಲಿರ್ಲಿ, ಪಾಸ್ ನಿಮ್ಮ ಹೆಸರಲ್ಲಿರ್ಲಿ. 62 ದಾಟಿದ ಗ್ರೀನ್ ಕಾರ್ಡ್ ಇರೋ ಅಪ್ಪ ಅಮ್ಮ ಇದ್ರೆ ಸೀನಿಯರ್ ಪಾಸ್ ಸಿಗುತ್ತೆ, ವಿಸಿಟರ್ ವೀಸಾದವರಿಗೆ ಇಲ್ಲ. ನಾಲ್ಕನೇ ಕ್ಲಾಸಲ್ಲಿ ಓದ್ತಿರೋ ಮಗು ಇದ್ರೆ ಆ ವರ್ಷ ಫ್ರೀ ಪಾಸ್ ಇದೆ, ಇದನ್ನ ಬಹಳ ಜನ ಕಳ್ಕೊಳ್ತಾರೆ. ಡೆಡ್ ಹಾರ್ಸ್ ಪಾಯಿಂಟಿಗೆ ಈ ಯಾವ ಪಾಸೂ ನಡೆಯಲ್ಲ. ಆರ್ಚಸ್‌ಗೆ 2022ರಿಂದ ಕೆಲವು ವರ್ಷ ಟೈಮ್ ಬುಕ್ ಮಾಡಿದೋರನ್ನ ಮಾತ್ರ ಬಿಡೋ ಪದ್ಧತಿ ಮಾಡಿದ್ರು, ಹೊರಡೋ ಮುಂಚೆ ಪಾರ್ಕಿನ ಸೈಟಲ್ಲಿ ಒಂದ್ಸಲ ನೋಡ್ಕೊಳ್ಳಿ.

ವಯಸ್ಸಾದೋರನ್ನ ಟೆಂಟಲ್ಲಿ ಮಲಗಿಸೋ ಹಠ ಬೇಡ. ಅವರಿಗೆ ಮೋಆಬಲ್ಲಿ ರೂಮ್ ಮಾಡಿ, ನೀವು ಮಕ್ಕಳು ಟೆಂಟಲ್ಲಿರಿ, ಬೆಳಿಗ್ಗೆ ಅವರನ್ನ ಕರ್ಕೊಂಡು ಹೋಗಿ. ಐಲ್ಯಾಂಡ್ ಇನ್ ದ ಸ್ಕೈನಲ್ಲಿರೋ ಮೇಸಾ ಆರ್ಚ್ ಹೋಗಿ ಬರೋಕೆ ಅರ್ಧ ಮೈಲಿ ಚಿಲ್ಲರೆ, ನಿಧಾನಕ್ಕೆ ನಡೆದ್ರೆ ಆಗುತ್ತೆ, ಸೂರ್ಯೋದಯಕ್ಕೆ ಫೋಟೋದೋರ ಜಾತ್ರೆ ಇರುತ್ತೆ, ಒಂದು ಗಂಟೆ ಬಿಟ್ಟು ಹೋದ್ರೆ ಆರಾಮ. ಮಂಡಿನೋವು ಇದ್ರೆ ಡೆಡ್ ಹಾರ್ಸ್ ಪಾಯಿಂಟ್, ಪಾರ್ಕಿಂಗಿಂದ ನಾಲ್ಕು ಹೆಜ್ಜೆ. ಒಂದು ಮಡಚೋ ಕುರ್ಚಿ, ಫ್ಲಾಸ್ಕಲ್ಲಿ ಕಾಫಿ ಮರೀಬೇಡಿ, ಅಲ್ಲಿ ಅಂಗಡಿ ಹುಡುಕ್ಕೊಂಡು ಓಡಾಡೋಕಾಗಲ್ಲ. ನೀರಿನ ಕ್ಯಾನಲ್ಲಿ ಅವರಿಬ್ಬರ ಲೆಕ್ಕನೂ ಸೇರಿಸಿದೀರಿ ತಾನೆ?